ಯಾವ ಪ್ರಶ್ನೆ ಮೊದಲು

ಬ್ರಿಸ್ಬೇನಿಗೆ ಬಂದ ಮೊದಲ ವಾರದಲ್ಲೇ ನನಗೆ ಅವರ ಪರಿಚಯವಾಯಿತು. ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನ ಮುಂದೆ ಬಸ್ಸಿಗೆ ಕಾಯುತ್ತಾ ಫೋನಿನಲ್ಲಿ ಅಮ್ಮನಿಗೆ, "ಎಲ್ಲಾ ಚೆನ್ನಾಗಿದೆ, ಊಟಕ್ಕೇನೂ ತೊಂದ್ರೆ ಇಲ್ಲ" ಎಂದು ಸುಳ್ಳು ಹೇಳುತ್ತಿದ್ದೆ. ಪಕ್ಕದಲ್ಲಿ ಕೂತು ಕಾಗದದ ಕಟ್ಟೊಂದನ್ನು ಓದುತ್ತಿದ್ದ ನಲವತ್ತರ ಆಸುಪಾಸಿನ ಮನುಷ್ಯರೊಬ್ಬರು, ನಾನು ಫೋನ್ ಇಟ್ಟ ಮೇಲೆ, ತಲೆ ಎತ್ತದೆಯೇ ಕೇಳಿದರು. "ಮೈಸೂರಾ?"

ಹೌದೆಂದೆ.

"ಊಟಕ್ಕೆ ತೊಂದ್ರೆ ಇದ್ರೆ ನಮ್ಮನೆಗೆ ಬನ್ನಿ. ಇಲ್ಲಿಂದ ಎರಡೇ ಸ್ಟಾಪ್."

ಅವರ ಕೈಯಲ್ಲಿದ್ದ ಕಾಗದದ ಮೇಲಿನ ಚಿತ್ರ ನನಗೆ ಗುರುತು ಸಿಕ್ಕಿತು. ವೃತ್ತಗಳು, ವೃತ್ತಗಳ ನಡುವೆ ಬಾಣಗಳು. ನಾನು ಪಿಎಚ್‌ಡಿ ಮಾಡಲು ಬಂದಿದ್ದ ವಿಷಯದ್ದೇ. ವಿಚಾರಿಸಿದರೆ ಇಬ್ಬರದೂ ಒಂದೇ ಲ್ಯಾಬ್, ಒಬ್ಬರೇ ಗೈಡ್. ಅವರು ಬಂದು ಆಗಲೇ ನಾಲ್ಕು ವರ್ಷವಾಗಿತ್ತು.

ಅವರು ಭದ್ರಾವತಿಯವರು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹತ್ತು ವರ್ಷ ಪಾಠ ಮಾಡಿ, ಕೆಲಸ ಬಿಟ್ಟು, ಹೆಂಡತಿ ಮತ್ತು ಪುಟ್ಟ ಮಗಳನ್ನು ಕಟ್ಟಿಕೊಂಡು ಡಾಕ್ಟರೇಟಿಗೆಂದು ಬಂದವರು. ನಾನು ಮೊದಲು 'ಸರ್' ಎನ್ನುತ್ತಿದ್ದೆ. "ಸರ್ ಅಂದ್ರೆ ಹಾಜರಿ ಪುಸ್ತಕ ನೆನಪಾಗುತ್ತೆ, ಬೇಡ" ಎಂದರು. ಹಾಗಾಗಿ ಅಣ್ಣ ಆದರು. ಅವರ ಹೆಂಡತಿ ಅತ್ತಿಗೆಯಾದರು. ಅತ್ತಿಗೆ ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದರು, ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಇಲ್ಲಿ ಆ ಓದು ನಡೆಯಲಿಲ್ಲ. ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದರು. ತಮಗಿಂತ ಎರಡು ಪಾಲು ತೂಕದ ಮುದುಕರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು. ಭಾನುವಾರ ಊಟಕ್ಕೆ ಹೋದಾಗ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಬಡಿಸುತ್ತಿದ್ದರು. ಒಂದು ಸಲವೂ ಗೊಣಗಿದ್ದು ಕೇಳಲಿಲ್ಲ.

"ಇವರದ್ದು ಮುಗೀಲಿ, ಆಮೇಲೆ ನಂದು" ಎನ್ನುತ್ತಿದ್ದರು. ಇಲ್ಲಿನ ಟೀಚರ್ ಪರೀಕ್ಷೆ ಬರೆಯುವುದು ಅವರ ಆಸೆಯಾಗಿತ್ತು.

ನಮ್ಮ ಕೆಲಸವನ್ನು ಸರಳವಾಗಿ ಹೇಳಬೇಕೆಂದರೆ ಹೀಗೆ. ಎಂಜಿನಿಯರ್ ಒಬ್ಬ ತನಗೆ ಬೇಕಾದ ಲೆಕ್ಕವನ್ನು ಸಾಧಾರಣ ಪ್ರೋಗ್ರಾಮಿನಂತೆ ಬರೆದುಕೊಡುತ್ತಾನೆ. ಅದನ್ನು ಓದಿ, ಆ ಲೆಕ್ಕ ಮಾಡುವ ಚಿಪ್ಪಿನ ನಕ್ಷೆ ತಯಾರಿಸುವ ಸಾಫ್ಟ್‌ವೇರ್ ಇರುತ್ತದೆ. ಚಿಪ್ಪಿನೊಳಗೆ ಎಲ್ಲವೂ ಗಡಿಯಾರದ ಬಡಿತಕ್ಕೆ ತಕ್ಕಂತೆ ನಡೆಯಬೇಕು. ಯಾವ ಕೂಡಿಕೆ ಯಾವ ಬಡಿತದಲ್ಲಿ, ಯಾವ ಗುಣಾಕಾರ ಯಾವ ಬಡಿತದಲ್ಲಿ ಎಂದು ಗೊತ್ತುಮಾಡುವುದಕ್ಕೆ ಶೆಡ್ಯೂಲಿಂಗ್ ಎನ್ನುತ್ತಾರೆ. ನೇರ ಲೆಕ್ಕವಾದರೆ ಇದು ಕಷ್ಟವಲ್ಲ. 'ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು ಮಾಡು' ಎಂಬ ಷರತ್ತುಗಳು ಒಂದರೊಳಗೊಂದು ಬಂದಾಗ ತೊಡಕು ಶುರುವಾಗುತ್ತದೆ. ಯಾವ ದಾರಿ ಹಿಡಿಯಬೇಕೆಂದು ಚಿಪ್ಪಿಗೆ ಮೊದಲೇ ಗೊತ್ತಿರುವುದಿಲ್ಲ. ಉತ್ತರ ಬರುವವರೆಗೆ ಕಾಯುತ್ತಾ ಕೂತರೆ ಹೊತ್ತು ಹೋಗುತ್ತದೆ. ಎರಡೂ ದಾರಿಗೆ ಬೇರೆಬೇರೆ ಯಂತ್ರ ಇಟ್ಟರೆ ಜಾಗ ಹೋಗುತ್ತದೆ.

ಈ ಷರತ್ತುಗಳ ಬಗ್ಗೆ ನಮಗಿಂತ ಮೊದಲು ಎಷ್ಟೋ ಜನ ಕೆಲಸ ಮಾಡಿದ್ದರು. ಅಣ್ಣನಿಗೆ ಹೊಳೆದದ್ದು ಬೇರೆ. ಪ್ರೋಗ್ರಾಮ್ ಬರೆಯುವವನು ತನ್ನ ತಲೆಗೆ ಬಂದ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾ ಹೋಗುತ್ತಾನೆ. ಚಿಪ್ಪು ಅದೇ ಕ್ರಮದಲ್ಲಿ ಕೇಳಬೇಕೆಂದು ಯಾರು ಹೇಳಿದರು? ಬೇಗ ಉತ್ತರ ಸಿಗುವ, ಹೆಚ್ಚು ದಾರಿಗಳನ್ನು ಒಂದೇಟಿಗೆ ಕೈಬಿಡಿಸುವ ಪ್ರಶ್ನೆಯನ್ನು ಮೊದಲು ಕೇಳಿದರೆ, ಉಳಿದ ಕೆಲಸ ಅರ್ಧಕ್ಕರ್ಧ ಹಗುರ. ಆ ಕ್ರಮವನ್ನು ಸಾಫ್ಟ್‌ವೇರ್ ತಾನೇ ಕಂಡುಹಿಡಿಯುವ ವಿಧಾನವನ್ನು ಅವರು ಕಟ್ಟುತ್ತಿದ್ದರು.

ನನ್ನ ಮೊದಲ ಆರು ತಿಂಗಳು ಬರೀ ಅಳುವಿನಲ್ಲಿ ಹೋಯಿತು. ಗೈಡ್ ಒಳ್ಳೆಯವರು, ಆದರೆ ಮಿತಭಾಷಿ ಮುದುಕರು. ಅವರು ಒಂದು ವಾಕ್ಯದಲ್ಲಿ ಹೇಳಿದ್ದನ್ನು ಅಣ್ಣ ನನಗೆ ಎರಡು ಗಂಟೆ ಬಿಡಿಸಿ ಹೇಳುತ್ತಿದ್ದರು. ಬಿಳಿ ಹಲಗೆಯ ಮೇಲೆ ವೃತ್ತ ಬರೆದು, ಬಾಣ ಎಳೆದು, "ಈಗ ನೀನು ಈ ಕೂಡುವ ಯಂತ್ರ ಅಂತ ತಿಳ್ಕೊ. ಯಾರು ಬಂದ್ರೆ ನಿನಗೆ ಕೆಲಸ? ಇಬ್ರೂ ಒಟ್ಟಿಗೆ ಬರೋಕೆ ಸಾಧ್ಯಾನಾ?" ಎಂದು ಕೇಳುತ್ತಿದ್ದರು. ತಪ್ಪು ಹೇಳಿದರೆ ನಗುತ್ತಿರಲಿಲ್ಲ. ನನ್ನ ಮೊದಲ ಲೇಖನದ ಅರ್ಧ ವಾಕ್ಯಗಳನ್ನು ತಿದ್ದಿದವರು ಅವರು. ತಮ್ಮ ಹೆಸರು ಹಾಕಿಸಿಕೊಳ್ಳಲಿಲ್ಲ.

ಅವರ ವಿಧಾನದಲ್ಲಿ ಒಂದು ತೂತಿತ್ತು. ಮತ್ತೆ ಮತ್ತೆ ಸುತ್ತುವ ಲೆಕ್ಕಗಳಲ್ಲಿ, ಹಿಂದಿನ ಸುತ್ತಿನ ಉತ್ತರ ಈ ಸುತ್ತಿನ ಪ್ರಶ್ನೆಯನ್ನೇ ಬದಲಿಸುವಂತಿದ್ದರೆ, ಕ್ರಮ ಬದಲಿಸಿದಾಗ ಕೆಲವೊಮ್ಮೆ ಲೆಕ್ಕ ತಪ್ಪುತ್ತಿತ್ತು. ಯಾವಾಗ ತಪ್ಪುತ್ತದೆಂದು ಹೇಳಲೂ ಆಗುತ್ತಿರಲಿಲ್ಲ. ಐದನೆಯ ವರ್ಷವಿಡೀ ಅವರು ಅದರ ಹಿಂದೆ ಬಿದ್ದರು. ಗೈಡ್ ಬುದ್ಧಿ ಹೇಳಿದರು. ಈ ಸಂದರ್ಭ ಒಂದನ್ನು ಬಿಟ್ಟು ಉಳಿದದ್ದನ್ನು ಬರೆದುಬಿಡು, ಇದು ನನ್ನ ವಿಧಾನದ ಮಿತಿ ಎಂದು ಒಂದು ಪ್ಯಾರಾ ಸೇರಿಸು, ಸಾಕು ಎಂದರು. ಅಣ್ಣ ಒಪ್ಪಲಿಲ್ಲ.

"ಎಲ್ಲಿ ತಪ್ಪುತ್ತೆ ಅಂತ ಗೊತ್ತಿಲ್ಲದೇ ಇರೋದನ್ನ ಮಿತಿ ಅನ್ನಲ್ಲಮ್ಮ, ಅಜ್ಞಾನ ಅಂತಾರೆ" ಎಂದು ನನಗೆ ಹೇಳಿದರು. ಕ್ಯಾಂಟೀನಿನಲ್ಲಿ ಕೂತಿದ್ದೆವು. ಅವರ ಕಾಫಿ ಆರಿಹೋಗಿತ್ತು. ಕೂದಲು ಆ ಒಂದೇ ವರ್ಷದಲ್ಲಿ ಬೆಳ್ಳಗಾಗಿತ್ತು.

ಆರನೆಯ ವರ್ಷ ಸ್ಕಾಲರ್‌ಶಿಪ್ ನಿಂತಿತು. ವೀಸಾ ಮುಗಿಯುತ್ತಾ ಬಂತು. ಅತ್ತಿಗೆಯ ಬೆನ್ನುಮೂಳೆಯ ಒಂದು ಬಿಲ್ಲೆ ಜಾರಿತ್ತು. ಭಾರ ಎತ್ತಬಾರದೆಂದು ಡಾಕ್ಟರ್ ಹೇಳಿದ್ದರು. ಅಷ್ಟರಲ್ಲಿ ಪರ್ತ್‌ನಿಂದ ಒಂದು ಕೆಲಸ ಬಂತು. ಗಣಿಗಳಲ್ಲಿ ಯಂತ್ರಗಳ ಶಾಖ, ಒತ್ತಡ ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ. ಎರಡು ವಾರ ಮರುಭೂಮಿಯ ಕ್ಯಾಂಪಿನಲ್ಲಿ, ಒಂದು ವಾರ ಮನೆಯಲ್ಲಿ. ಅಣ್ಣ ಪಿಎಚ್‌ಡಿ ಕೈಬಿಟ್ಟು ಅದಕ್ಕೆ ಸಹಿ ಹಾಕಿದರು.

ಹೊರಡುವ ಹಿಂದಿನ ದಿನ ನಾನು ಪ್ಯಾಕಿಂಗಿಗೆ ನೆರವಾಗಲು ಹೋಗಿದ್ದೆ. ಅಡುಗೆಮನೆಯಲ್ಲಿ ಅತ್ತಿಗೆ ಡಬ್ಬಿಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ಅಣ್ಣ ಮೂರು ದಪ್ಪ ನೋಟ್‌ಬುಕ್ಕುಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ತಗೋ. ನಿನಗೆ ಬೇಕಾದ್ದು ಉಪಯೋಗಿಸ್ಕೊ. ನಂದು ಮುಗೀತು."

"ಅಣ್ಣಾ, ಹಾಗನ್ಬೇಡಿ. ಅಲ್ಲಿ ಹೋದ್ಮೇಲೆ ಬಿಡುವಿರುತ್ತೆ, ಬರೀಬಹುದು."

"ಇಲ್ಲಮ್ಮ. ಇನ್ನೊಂದ್ ಸಲ ಇದನ್ನ ತೆಗೆದ್ರೆ ಇವಳು ನನ್ನ ಮನೆಯಿಂದಾಚೆ ಹಾಕ್ತಾಳೆ." ನಗುತ್ತಾ ಹೇಳಿದರು. ಅಡುಗೆಮನೆಯಲ್ಲಿ ಅತ್ತಿಗೆ ಇನ್ನೊಂದು ಡಬ್ಬಿಗೆ ಪೇಪರ್ ಸುತ್ತಿದರು.

ಮುಂದಿನ ವರ್ಷ ನಾನು ಮಾಡಿದ್ದನ್ನು ಹೇಳಬೇಕು. ಆ ನೋಟ್‌ಬುಕ್ಕುಗಳನ್ನು ನಾನು ಸಾಲುಸಾಲಾಗಿ ಓದಿದೆ. ಅವರಿಗೆ ಸಿಗದ ಉತ್ತರ ನನಗೂ ಸಿಗಲಿಲ್ಲ. ಆದರೆ ಲೆಕ್ಕ ತಪ್ಪುವ ಅಪಾಯವಿರುವ ಸುತ್ತುಗಳನ್ನು ಮೊದಲೇ ಗುರುತಿಸುವ ಒಂದು ಚಿಕ್ಕ ಉಪಾಯ ಹೊಳೆಯಿತು. ಗುರುತಿಸಿ, ಅಲ್ಲಿ ಮಾತ್ರ ಕ್ರಮ ಬದಲಿಸದೆ ಬಿಡುವುದು. ಎರಡು ಪುಟದ ಕೆಲಸ. ಆ ಎರಡು ಪುಟ ನನ್ನವು. ಉಳಿದ ಹನ್ನೆರಡು ಪುಟ ಅಣ್ಣನವು.

ಲೇಖನ ಸಿದ್ಧವಾದಾಗ ಗೈಡ್ ತಮ್ಮ ಕೋಣೆಗೆ ಕರೆದರು. ಓದಿದ್ದರು. ಮೆಚ್ಚಿದ್ದರು. ಆಮೇಲೆ ಕನ್ನಡಕ ತೆಗೆದಿಟ್ಟು, ಇದರಲ್ಲಿ ಅವನ ಪಾಲೆಷ್ಟು, ಅವನ ಹೆಸರೂ ಇರಬೇಕಲ್ಲವೇ ಎಂದು ಕೇಳಿದರು.

ಮೊದಲಿನ ಕೆಲವು ವಿಚಾರಗಳು ಅವರವು, ಕೃತಜ್ಞತೆಯಲ್ಲಿ ಹೆಸರಿಸುತ್ತೇನೆ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಿನಗೆ ಸರಿಯೆನಿಸಿದರೆ ಸರಿ ಎಂದರು. ಅದೇ ವರ್ಷ ನಿವೃತ್ತರಾಗುವವರಿದ್ದರು. ಲೆಕ್ಕಗಳ ಒಳಹೊಕ್ಕು ನೋಡುವುದನ್ನು ಆಗಲೇ ಬಿಟ್ಟಿದ್ದರು.

ಏಕೆ ಹಾಗೆ ಹೇಳಿದೆ? ನನ್ನ ಹೆಸರು ಮೊದಲಿರುವ ಇನ್ನೊಂದು ಲೇಖನ ನನಗೆ ಬೇಕಿತ್ತು; ಅವರ ಹೆಸರು ಸೇರಿದರೆ ಅದೇ ಮೊದಲು ಬರಬೇಕಿತ್ತು. ಅವರೇ 'ಉಪಯೋಗಿಸ್ಕೊ' ಎಂದಿದ್ದರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪಿಎಚ್‌ಡಿ ಬಿಟ್ಟು ಹೋದವರಿಗೆ ಹೆಸರಿದ್ದರೇನು, ಇಲ್ಲದಿದ್ದರೇನು ಎಂದೂ ಒಂದು ಸಲ ಅನ್ನಿಸಿತು. ಈ ಕೊನೆಯದನ್ನು ಬರೆಯುವಾಗ ಇವತ್ತಿಗೂ ಮೈ ಉರಿಯುತ್ತದೆ.

ಲೇಖನ ಅಚ್ಚಾಯಿತು. ಒಳ್ಳೆಯ ಹೆಸರು ಬಂತು. ಅದರ ಬಲದ ಮೇಲೆ ನನಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಅಣ್ಣನಿಗೆ ನಾನು ಲೇಖನ ಕಳಿಸಲಿಲ್ಲ. ಅವರೇ ಹುಡುಕಿ ಓದಿದ್ದರು. ಒಂದು ದಿನ ಅವರ ಈಮೇಲ್ ಬಂತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. "ನೋಡಿದೆ. ಸುತ್ತುಗಳನ್ನ ಗುರುತಿಸೋ ಭಾಗ ಚೆನ್ನಾಗಿ ಬಂದಿದೆ, ಅದು ನನಗೆ ಹೊಳೆದಿರಲಿಲ್ಲ. ಮೂರನೇ ಚಿತ್ರದಲ್ಲಿ ಒಂದು ಬಾಣದ ದಿಕ್ಕು ತಪ್ಪಿದೆ, ನೋಡ್ಕೊ. ನಿಮ್ಮತ್ತಿಗೆ, ನಾನು ಕೇಳಿದೆ ಅಂತ ಹೇಳಿ ಅಂದಿದಾಳೆ."

"ಥ್ಯಾಂಕ್ಸ್ ಅಣ್ಣ, ಸರಿ ಮಾಡ್ತೀನಿ" ಎಂದು ಉತ್ತರಿಸಿದೆ. ಅಷ್ಟೇ.

ಆಮೇಲೆ ಯುಗಾದಿಗೊಂದು, ದೀಪಾವಳಿಗೊಂದು ಮೆಸೇಜ್. ಹತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು. ನನ್ನ ಆಫೀಸು ಅಡಿಲೇಡಿನ ಕಿಲ್ಬರ್ನಿನಲ್ಲಿ, ಹಳೆಯ ಶೆಡ್ಡುಗಳು ಮತ್ತು ಲಾರಿ ಗ್ಯಾರೇಜುಗಳ ನಡುವೆ. ನೀರಿನ ಪಂಪುಗಳನ್ನು ನಿಯಂತ್ರಿಸುವ ಚಿಪ್ಪುಗಳ ವಿನ್ಯಾಸ ನಮ್ಮ ಕೆಲಸ. ಮದುವೆಯಾಯಿತು. ಗಂಡ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಪರ್ತ್‌ಗೆ ಎರಡು ಸಲ ಕೆಲಸದ ಮೇಲೆ ಹೋಗಿಬಂದರೂ ಅಣ್ಣನಿಗೆ ತಿಳಿಸಲಿಲ್ಲ.

ಕಳೆದ ವರ್ಷಕ್ಕೂ ಹಿಂದಿನ ಚಳಿಗಾಲ, ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅತ್ತಿಗೆ. ದನಿ ಮೊದಲು ಗುರುತು ಹತ್ತಲಿಲ್ಲ.

"ನಿಮ್ಮಣ್ಣ ಹೋಗ್ಬಿಟ್ರು ಕಣೇ."

ಕ್ಯಾಂಪಿನಲ್ಲಿ ಬೆಳಗಿನ ತಿಂಡಿಗೆ ಕೂತವರು ಹಾಗೇ ಮೇಜಿಗೆ ಒರಗಿದ್ದರಂತೆ. ಹತ್ತಿರದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವಷ್ಟರಲ್ಲಿ ಮುಗಿದಿತ್ತು. ಐವತ್ತಮೂರು ವಯಸ್ಸು. ಅತ್ತಿಗೆ ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದು ಆರು ದಿನವಾಗಿತ್ತು. "ಯಾರ್ಯಾರಿಗೆ ಹೇಳ್ಬೇಕು ಅಂತ ಅವರ ಫೋನ್ ನೋಡ್ತಿದ್ದೆ. ನಿನ್ನ ಹೆಸರು ಬಂತು" ಎಂದರು.

ಹನ್ನೆರಡನೆಯ ದಿನಕ್ಕೆ ಪರ್ತ್‌ಗೆ ಹೋದೆ. ಏರ್‌ಪೋರ್ಟಿಗೆ ಮಗಳು ಕಾರು ತಂದಿದ್ದಳು. ನಾನು ನೋಡಿದಾಗ ಹಲ್ಲು ಬಿದ್ದ ಹುಡುಗಿ, ಈಗ ಯೂನಿವರ್ಸಿಟಿಯ ಕೊನೆಯ ವರ್ಷದಲ್ಲಿದ್ದಳು. ಕಣ್ಣು ಅಣ್ಣನದೇ. ಅಮ್ಮ ಹೇಗಿದ್ದಾರೆಂದು ಕನ್ನಡದಲ್ಲಿ ಕೇಳಿದೆ.

"ನಾಟ್ ಟಾಕಿಂಗ್ ಮಚ್, ಆಂಟಿ. ಶೀ ಜಸ್ಟ್ ಕ್ಲೀನ್ಸ್" ಎಂದಳು.

ಮನೆಯಲ್ಲಿ ಊಟಕ್ಕೆ ಹತ್ತಿಪ್ಪತ್ತು ಜನ ಇದ್ದರು. ಗಣಿಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಎಂಜಿನಿಯರುಗಳು, ಅವರ ಹೆಂಡತಿಯರು. ಪುಳಿಯೋಗರೆ, ಕೋಸಂಬರಿ ತಂದಿದ್ದರು. ಅಣ್ಣನ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಮೌನಿ, ಯಾವ ಉಪಕರಣ ಕೆಟ್ಟರೂ ಬಿಡದೆ ಕೂತು ಸರಿ ಮಾಡುತ್ತಿದ್ದ ಮನುಷ್ಯ. ಅವರು ಆರು ವರ್ಷ ಏನು ಓದಿದ್ದರೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಎಲ್ಲರೂ ಹೊರಟ ಮೇಲೆ ಅತ್ತಿಗೆ ಸ್ಟೋವ್ ಒರೆಸುತ್ತಾ ನಿಂತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಇದ್ದಕ್ಕಿದ್ದಂತೆ ಕೇಳಿದರು. "ಅಲ್ಲಾ ಕಣೇ, ಅವರು ಬ್ರಿಸ್ಬೇನಲ್ಲಿ ಮಾಡ್ತಿದ್ದಿದ್ದಾದ್ರೂ ಏನು? ಆರು ವರ್ಷ ಜೊತೇಲಿದ್ದೆ, ಒಂದ್ ದಿನಾನೂ ನಾನು ಕೇಳ್ಲಿಲ್ಲ. ನನಗೆ ಅರ್ಥ ಆಗೋ ಹಾಗೆ ಹೇಳು."

ನಾನು ಸುತ್ತ ನೋಡಿದೆ. ಒಲೆಯ ಮೇಲೆ ಪಾತ್ರೆಯಿತ್ತು.

"ಮನೆಗೆ ಯಾರೋ ಬರ್ತಿದಾರೆ ಅಂದ್ಕೊಳ್ಳಿ ಅತ್ತಿಗೆ. ಕಾಫಿ ಕುಡೀತಾರೋ ಟೀ ಕುಡೀತಾರೋ ಗೊತ್ತಿಲ್ಲ. ನೀವೇನ್ ಮಾಡ್ತೀರಾ?"

"ನೀರು ಕಾಯಿಸೋಕಿಡ್ತೀನಿ."

"ಯಾಕೆ?"

"ಯಾವುದಾದ್ರೂ ನೀರು ಬೇಕಲ್ಲ."

"ಪಾತ್ರೆ ಎಷ್ಟು ಇಡ್ತೀರಾ?"

"ಬರೋನು ಒಬ್ಬ. ಒಂದೇ ಸಾಕು. ಎರಡೂ ಕುಡಿಯಲ್ವಲ್ಲ ಅವನು."

"ಇಷ್ಟು ಎಲ್ರಿಗೂ ಗೊತ್ತಿತ್ತು. ಅಣ್ಣ ಕಂಡುಹಿಡಿದಿದ್ದು ಇದರ ಮುಂದಿಂದು. ಬಂದವರನ್ನ ಕೇಳೋದು ನಾಲ್ಕಾರು ಪ್ರಶ್ನೆ ಇರುತ್ತೆ. ಕಾಫಿನಾ ಟೀನಾ, ಸಕ್ಕರೆ ಬೇಕಾ, ಊಟ ಮಾಡ್ತೀರಾ, ಎಷ್ಟೊತ್ತು ಇರ್ತೀರಾ. ಯಾವುದನ್ನ ಮೊದಲು ಕೇಳಿದ್ರೆ ನಿಮ್ಮ ಕೆಲಸ ಕಮ್ಮಿ?"

ಅತ್ತಿಗೆ ಯೋಚಿಸಿದರು. "ಎಷ್ಟೊತ್ತು ಇರ್ತೀರಾ ಅಂತ. ಈಗ್ಲೇ ಹೊರಟೆ ಅಂದ್ರೆ ಉಳಿದದ್ದು ಕೇಳೋದೇ ಬೇಡ."

"ಅದೇ. ಚಿಪ್ಪಿಗೆ ಅದನ್ನ ಕಲಿಸಿದ್ರು ಅವರು."

ಅತ್ತಿಗೆಯ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ಇಷ್ಟೇನಾ? ಇದಕ್ಕೆ ಆರು ವರ್ಷನಾ?" ಎಂದವರು ಬಟ್ಟೆ ಹಿಂಡಿ ಇಟ್ಟರು. "ಹೋಗ್ಲಿ ಬಿಡು. ಅದೂ ತಪ್ಪಾಗಿತ್ತಲ್ಲ."

"ಯಾವುದು ತಪ್ಪು?"

"ಅವರ ಲೆಕ್ಕ. ಇಲ್ಲಿಗೆ ಬಂದು ಒಂದೆರಡು ವರ್ಷಕ್ಕೆ ನಾನೇ ಕೇಳ್ದೆ, ಮುಗಿಸಬಾರದಾ, ಈಗ ನನ್ನ ಬೆನ್ನು ವಾಸಿ ಇದೆ ಅಂತ. ಮುಗಿಸೋಕೆ ಏನೂ ಇಲ್ಲ, ಬುಡದಲ್ಲೇ ತಪ್ಪಾಗಿತ್ತು ಅಂದ್ರು. ಅಲ್ಲಿಗೆ ಸುಮ್ಮನಾದೆ."

ಒಂದೆರಡು ವರ್ಷ. ನನ್ನ ಲೇಖನ ಬಂದದ್ದು ಆಗಲೇ.

ಸುಮ್ಮನಿದ್ದುಬಿಡಬಹುದಿತ್ತು. ಆ ಅಡುಗೆಮನೆಯಲ್ಲಿ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಕುರ್ಚಿ ಎಳೆದು ಕೂತೆ.

"ತಪ್ಪಾಗಿರ್ಲಿಲ್ಲ ಅತ್ತಿಗೆ. ಸರಿ ಇತ್ತು. ಅದನ್ನ ನಾನು ಬರೆದು ಅಚ್ಚು ಮಾಡಿಸ್ದೆ. ನನ್ನ ಹೆಸರಲ್ಲಿ."

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಎರಡು ಪುಟ ನನ್ನದು, ಹನ್ನೆರಡು ಪುಟ ಅವರದು ಎಂದೂ, ಹೆಸರು ಹಾಕಬೇಕಲ್ಲವೇ ಎಂದು ಗೈಡ್ ಕೇಳಿದಾಗ ನಾನು ಬೇಡವೆಂದೆ ಎಂದೂ ಹೇಳಿದೆ. ಕೊನೆಯಲ್ಲಿ ಒಂದು ಸಾಲು ಥ್ಯಾಂಕ್ಸ್ ಬರೆದೆ ಎಂದೆ.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಓದಿ ನನಗೆ ಈಮೇಲ್ ಮಾಡಿದ್ರು. ಬೈಲಿಲ್ಲ. ಒಂದು ಬಾಣ ತಪ್ಪಿದೆ ಅಂತ ಮಾತ್ರ ಹೇಳಿದ್ರು."

ಅತ್ತಿಗೆ ದೀಪ ಆರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಇನ್ನೂ ಬಿಸಿಲಿತ್ತು.

ಮರುದಿನ ಬೆಳಿಗ್ಗೆ ಅವರೇ ಬಂದು, "ಫ್ರೀಮ್ಯಾಂಟಲ್‌ಗೆ ಹೋಗ್ಬರೋಣ, ನಡಿ" ಎಂದರು. ಬಂದರಿನ ಎದುರಿನ ಕಟ್ಟೆಯೊಂದರ ಮೇಲೆ ಕೂತೆವು. ಆಚೆ ದಡದಲ್ಲಿ ಕ್ರೇನುಗಳು ಹಡಗಿನಿಂದ ಕಂಟೇನರ್ ಎತ್ತುತ್ತಿದ್ದವು.

"ರಜದ ವಾರದಲ್ಲಿ ಇಲ್ಲಿ ಬಂದು ಕೂರೋರು. ಈಗ ಯಾವ ಕಂಟೇನರ್ ಎತ್ತುತ್ತಾರೆ ಹೇಳು ಅಂತ ಮಗಳ ಹತ್ರ ಪಂದ್ಯ ಕಟ್ಟೋರು. ಅವರೇ ಗೆಲ್ಲೋರು."

ಗಾಳಿ ಜೋರಾಗಿತ್ತು. ಅತ್ತಿಗೆ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು.

"ನಾನು ಅವರಿಗೆ ಏನ್ ಅಂತಿದ್ದೆ ಗೊತ್ತಾ? ಕೋಪ ಬಂದಾಗೆಲ್ಲಾ ಅದೊಂದೇ ಮಾತು. ಆರು ವರ್ಷ ತಪ್ಪು ಲೆಕ್ಕ ಮಾಡಿ ನನ್ನ ಸೊಂಟ ಮುರಿದೋರು ನೀವು ಅಂತ. ಬ್ಯಾಂಕಿನ ಕಾಗದ ಒಂದು ತಪ್ಪು ತುಂಬಿದ್ರೂ ಅನ್ನೋಳು, ನಿಮಗೆ ಲೆಕ್ಕ ಯಾವಾಗ ಬಂದಿತ್ತು ಅಂತ. ಮಗಳ ಎದುರಿಗೆ. ನೆಂಟರ ಎದುರಿಗೆ. ಹತ್ತು ವರ್ಷ ಅಂದಿದೀನಿ. ಒಂದ್ ಸಲ, ಒಂದೇ ಒಂದ್ ಸಲ, ಇಲ್ಲ ಕಣೇ, ಸರಿ ಇತ್ತು ಅನ್ಬಾರದಿತ್ತಾ ಆ ಮನುಷ್ಯ?"

ನಾನು ತಲೆ ತಗ್ಗಿಸಿಕೊಂಡಿದ್ದೆ.

"ನಿನ್ನ ಹೆಸರು ಕೆಡಬಾರ್ದು ಅಂತ ಸುಮ್ಮನಿದ್ರೋ, ನನಗೆ ಸಂಕಟ ಆಗ್ಬಾರ್ದು ಅಂತ ಸುಮ್ಮನಿದ್ರೋ. ಈಗ ಯಾರನ್ನ ಕೇಳ್ಲಿ?"

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತು ಅಂತ ನನಗೆ ಹೇಳಿದ್ರೆ ಏನ್ ಬಂತು? ಅವರು ಇದ್ದಾಗ ಬಂದು ಹೇಳ್ಬೇಕಿತ್ತು. ನೀನು ಎರಡು ಸಲ ಈ ಊರಿಗೆ ಬಂದು ಹೋಗಿದೀಯ. ಯಾರೋ ನಿನ್ನ ನೋಡಿ ಅವರಿಗೆ ಹೇಳಿದ್ರು. ಬಿಜಿ ಇರ್ತಾಳೆ ಪಾಪ ಅಂದ್ರು."

ಆ 'ಪಾಪ' ಎಂಬ ಮಾತಿಗೆ ನನ್ನ ಅಳು ಒಡೆಯಿತು. ಅತ್ತಿಗೆ ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ನಾನು ಕಣ್ಣೊರೆಸಿಕೊಳ್ಳುವವರೆಗೆ ಕಾದಿದ್ದು, ಎದ್ದು, "ನಡಿ, ನಿನ್ನ ಫ್ಲೈಟಿಗೆ ಹೊತ್ತಾಗುತ್ತೆ" ಎಂದರು.

ಅಡಿಲೇಡಿಗೆ ಮರಳಿದ ಮೇಲೆ ಗಂಡನಿಗೆ ಎಲ್ಲ ಹೇಳಿದೆ. ಲೇಖನ ಪ್ರಕಟಿಸಿದ ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಅವನು, "ಈಗ ಯಾಕೆ? ಅವರೇ ಇಲ್ಲ" ಎಂದ. "ಮಗಳಿದಾಳೆ" ಎಂದೆ.

ಪತ್ರಿಕೆಯವರು, ಲೇಖನದಲ್ಲಿ ಹೆಸರಿರುವ ಇಬ್ಬರೂ ಒಪ್ಪಿ ಸಹಿ ಮಾಡಬೇಕೆಂದರು. ಇನ್ನೊಂದು ಹೆಸರು ಗೈಡಿನದು. ಈಮೇಲಿಗೆ ಉತ್ತರ ಬರಲಿಲ್ಲ. ಬ್ರಿಸ್ಬೇನಿಗೆ ಹೋದೆ. ನದಿಯ ಹತ್ತಿರದ ಮರದ ಮನೆ. ಅವರಿಗೆ ಎಂಬತ್ತು ದಾಟಿತ್ತು. ವರಾಂಡದಲ್ಲಿ ಕೂತು ಅಣ್ಣನ ಸಾವಿನ ಸುದ್ದಿ ಕೇಳಿದರು. ಆಮೇಲೆ ನಾನು ತಂದ ಕಾಗದ ಓದಿದರು.

ನಾನು ನಿನ್ನನ್ನು ಕೇಳಿದ್ದೆ ಎಂದರು.

ಹೌದು, ಕೇಳಿದ್ದಿರಿ ಎಂದೆ.

ಇನ್ನೊಮ್ಮೆ ಕೇಳಬೇಕಿತ್ತು, ನನಗೆ ಅನುಮಾನವಿತ್ತು ಎಂದರು. ನಿಧಾನವಾಗಿ ಸಹಿ ಹಾಕಿದರು. ಅವರ ಹೆಂಡತಿ ಟೀ ತಂದಿಟ್ಟರು. ಇಬ್ಬರೂ ಕುಡಿಯಲಿಲ್ಲ.

ಎಂಟು ತಿಂಗಳ ಮೇಲೆ ತಿದ್ದುಪಡಿ ಪ್ರಕಟವಾಯಿತು. ಅಣ್ಣನ ಹೆಸರು ಮೊದಲು, ನನ್ನದು ಎರಡನೆಯದು. ಏಕೆ ಎಂಬುದಕ್ಕೆ ಎರಡು ವಾಕ್ಯ, ನಾನೇ ಬರೆದದ್ದು. ಇತರರ ಲೇಖನಗಳನ್ನು ಪರಿಶೀಲಿಸುವ ಒಂದು ಸಮಿತಿಯಲ್ಲಿದ್ದೆ, ಅದರಿಂದ ಹೊರಬಂದೆ. ಯಾರೂ ಉಳಿಯಲು ಹೇಳಲಿಲ್ಲ. ಕೆಲವು ಹಳೆಯ ಪರಿಚಯದವರು ಮೆಸೇಜಿಗೆ ಉತ್ತರಿಸುವುದನ್ನು ಬಿಟ್ಟರು. ಆಫೀಸಿನಲ್ಲಿ ಬಾಸ್ ಒಂದು ದಿನ ಕರೆದು ಕೇಳಿ, ಹ್ಞೂಂ ಎಂದು ಕಳಿಸಿದ. ಕೆಲಸ ಉಳಿಯಿತು. ನನಗೆ ಆಗಬೇಕಾದ್ದಕ್ಕಿಂತ ಕಡಿಮೆಯೇ ಆಯಿತು ಎಂದು ಅನ್ನಿಸುತ್ತದೆ.

ತಿದ್ದುಪಡಿಯನ್ನು ಅಚ್ಚು ಹಾಕಿಸಿ, ಮೂರು ನೋಟ್‌ಬುಕ್ಕುಗಳ ಜೊತೆ ಅತ್ತಿಗೆಗೆ ಕೊರಿಯರ್ ಮಾಡಿದೆ. ಉತ್ತರ ಬರಲಿಲ್ಲ. ಎರಡು ವಾರದ ಮೇಲೆ ಮಗಳು ಮೆಸೇಜ್ ಮಾಡಿದಳು. ಅಮ್ಮ ಕಾಗದವನ್ನು ಅಪ್ಪನ ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದಾಳೆ, ನಾನು ಪೂರ್ತಿ ಓದಿದೆ, ಅರ್ಧ ಅರ್ಥವಾಯಿತು, ಉಳಿದದ್ದನ್ನು ಹೇಳಿಕೊಡುತ್ತೀರಾ ಎಂದು. ಅಂದಿನಿಂದ ತಿಂಗಳಿಗೊಮ್ಮೆ ಅವಳು ವಿಡಿಯೋ ಕಾಲ್ ಮಾಡುತ್ತಾಳೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ತಪ್ಪು ಉತ್ತರ ಕೊಟ್ಟಾಗ ನಾನು ನಗುವುದಿಲ್ಲ.

ಅತ್ತಿಗೆ ಒಮ್ಮೆ ಮಾತ್ರ ಫೋನ್ ಮಾಡಿದರು, ಈ ಮಾರ್ಚಿನಲ್ಲಿ. ಕ್ಷೇಮ ಕೇಳಲಿಲ್ಲ.

"ಎರಡನೇ ಬುಕ್ಕಿನ ಹಿಂದಿನ ಪುಟಗಳಲ್ಲಿ ನನ್ನ ಡ್ಯೂಟಿ ಬರೆದಿಟ್ಟಿದಾರೆ. ಯಾವ ದಿನ ಬೆಳಿಗ್ಗೆ, ಯಾವ ದಿನ ಮಧ್ಯಾಹ್ನ. ಪಕ್ಕದಲ್ಲಿ ಮಗಳನ್ನ ಯಾರು ಸ್ಕೂಲಿಂದ ಕರ್ಕೊಂಡ್ ಬರೋದು, ಅನ್ನ ಎಷ್ಟೊತ್ತಿಗೆ ಇಡೋದು, ನನಗೆ ಬಿಸಿನೀರಿನ ಚೀಲ ಯಾವಾಗ ರೆಡಿ ಇರ್ಬೇಕು, ಎಲ್ಲಾ. ಎರಡು ವರ್ಷದ್ದು. ನೀನು ನೋಡಿದ್ಯಾ?"

ನೋಡಿದ್ದೆ. ಲೆಕ್ಕ ಹುಡುಕುವ ಆತುರದಲ್ಲಿ ಆ ಪುಟಗಳನ್ನು ತಿರುವಿ ಹಾಕಿದ್ದೆ.

"ನೋಡಿದ್ದೆ ಅತ್ತಿಗೆ."

"ನನಗೆ ಹೇಳ್ಲಿಲ್ಲ."

"ಇಲ್ಲ."

ಮುಂದಿನ ವಾರ ಅಲ್ಲಿಗೆ ಬರಲೇ ಎಂದು ಕೇಳಿದೆ.

"ಬೇಡ. ಅವಳ ಜೊತೆ ಮಾತಾಡು, ಅದಕ್ಕೆ ನಾನು ಬೇಡ ಅನ್ನಲ್ಲ. ಅವಳಿಗೆ ಬೇಕು. ನನಗೆ ಇನ್ನೂ ಆಗಲ್ಲ ಕಣೇ. ನಾನಾಗಿ ಕರೆಯೋವರೆಗೂ ಬರಬೇಡ."

"ಆಗ್ಲಿ ಅತ್ತಿಗೆ" ಎಂದೆ.

ಅವರು ಇನ್ನೂ ಕರೆದಿಲ್ಲ.